ಟ್ರ್ಯಾಕ್ ಪ್ಯಾಂಟಿನ ಪೇಟೆಂಟು

ನನ್ನ ಗಂಡನ ಟ್ರ್ಯಾಕ್ ಪ್ಯಾಂಟಿನ ಇಲಾಸ್ಟಿಕ್ಕಿಗೆ ಹುಕ್ಕೇರಿಯ ನನ್ನ ಮೈದುನ ಪೇಟೆಂಟ್ ಹಾಕಿದ. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ "ಖರೇನ?" ಎಂದು ಕೇಳುತ್ತಾರೆ. ಖರೆ. ನಗುವುದಿದ್ದರೆ ಈಗಲೇ ನಕ್ಕುಬಿಡಿ. ನನಗೆ ಮಾತ್ರ ಆಗ ನಗು ಬಂದಿರಲಿಲ್ಲ, ಮೈಯೆಲ್ಲ ಉರಿದಿತ್ತು.

ಮೂಡಲಗಿಯ ಮಾರ್ಕೆಟ್ ಹತ್ತಿರ ನನ್ನದೊಂದು ಅಂಗಡಿ ಇದೆ. ಚೀಲಗಳ ಮೇಲೆ ಹೆಸರು ಹೊಡೆಯುವ ಅಂಗಡಿ. ಅರಿಷಿಣ, ಗೋವಿನಜೋಳ, ಕಡಲೆ, ಏನೇ ತುಂಬಿದರೂ ಚೀಲದ ಹೊಟ್ಟೆಯ ಮೇಲೆ ವ್ಯಾಪಾರಿಯ ಹೆಸರು ಇರಲೇಬೇಕು. ತಗಡಿನಲ್ಲಿ ಕೊರೆದ ಅಕ್ಷರಗಳು, ಒಂದು ಡಬ್ಬಿ ಕಪ್ಪು ಬಣ್ಣ, ಒಂದು ಮೊಂಡು ಬ್ರಷ್, ಇಷ್ಟೇ ನನ್ನ ಬಂಡವಾಳ. ಚೀಲವನ್ನು ಹಲಗೆಯ ಮೇಲೆ ಹಾಸಿ, ಒಂದೊಂದೇ ಅಕ್ಷರದ ತಗಡು ಇಟ್ಟು, ಬಣ್ಣದ ಬ್ರಷ್ಷಿನಿಂದ ಕುಟ್ಟಿದರೆ ಹೆಸರು ಮೂಡುತ್ತದೆ. ಹೇಳಲು ಸಸಾರ. ಮಾಡಲು ಕುಳಿತರೆ ಸೊಂಟ ಬೀಳುತ್ತದೆ.

ಸೊಂಟದ ಮಾತು ಹಾಗಿರಲಿ, ದೊಡ್ಡ ಕಾಟವೆಂದರೆ ಜಾಗದ್ದು. ಚೀಲದ ಅಗಲ ಎಲ್ಲರಿಗೂ ಒಂದೇ, ಹೆಸರಿನ ಉದ್ದ ಒಬ್ಬೊಬ್ಬರದು ಒಂದೊಂದು. ಶುರುವಿಗೆ ದಂಡಿಯಾಗಿ ಜಾಗ ಬಿಟ್ಟು ಹೊಡೆಯುತ್ತ ಹೋಗುತ್ತೇನೆ, ಕೊನೆಗೆ ಬಂದಾಗ ಮೂರು ಅಕ್ಷರ ಸಂತೆ ದಿನದ ಬಸ್ಸಿನಲ್ಲಿ ನಿಂತ ಹಾಗೆ ಒಂದರ ಮೇಲೊಂದು ಬೀಳುತ್ತವೆ. ಒಮ್ಮೆ ಕಲ್ಲೋಳಿಯ ಅರಿಷಿಣ ವ್ಯಾಪಾರಿಯೊಬ್ಬರ ಅಡ್ಡಹೆಸರಿನ ಬಾಲ ಚೀಲದ ಹೊಲಿಗೆ ದಾಟಿ ಹಿಂದಿನ ಬದಿಗೇ ಹೋಯಿತು. ಅವರು ಚೀಲವನ್ನು ಎತ್ತಿ ಹಿಡಿದು, ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಕ್ಕಾರ, ನನ್ನ ಹೆಸರು ಓದಾಕ ಮಂದಿ ಚೀಲದ ಸುತ್ತ ತಿರಗಬೇಕೇನ್ರಿ?" ಎಂದರು. ಅಂಗಡಿಯಲ್ಲಿದ್ದ ಹಮಾಲರೆಲ್ಲ ಹೋ ಎಂದು ನಕ್ಕರು.

ನಾನು ಸಿಟ್ಟಿನ ಹೆಂಗಸು. ಇದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಅವತ್ತು ಮನೆಗೆ ಬಂದವಳೇ ಒಣಹಾಕಿದ ಬಟ್ಟೆಗಳನ್ನು ಹಗ್ಗದಿಂದ ಕಿತ್ತು ಕಿತ್ತು ಬುಟ್ಟಿಗೆ ಎಸೆಯತೊಡಗಿದೆ. ಗಂಡನ ನೀಲಿ ಟ್ರ್ಯಾಕ್ ಪ್ಯಾಂಟನ್ನು ಎಳೆದಾಗ ಸೊಂಟದ ಪಟ್ಟಿ ಉದ್ದವಾಗಿ ಹಿಗ್ಗಿತು. ಅದರ ಮೇಲೆ ಹೊಲಿದಿದ್ದ ಸಣ್ಣ ಬಿಳಿ ಗೆರೆಗಳೂ ಸರಿಸಮನಾಗಿ ದೂರ ದೂರ ಸರಿದವು. ಬಿಟ್ಟೆ, ಹತ್ತಿರ ಬಂದವು. ಎಳೆದೆ, ದೂರ ಹೋದವು. ನಾನು ಅಂಗಳದಲ್ಲಿ ನಿಂತು ಪ್ಯಾಂಟ್ ಎಳೆಯುವುದು ಬಿಡುವುದು ಮಾಡುತ್ತಿದ್ದುದನ್ನು ಕಂಡು ನಮ್ಮ ಅತ್ತೆ, "ಗಂಡನ ಮ್ಯಾಲಿನ ಸಿಟ್ಟು ಪ್ಯಾಂಟಿನ ಮ್ಯಾಲೆ ಯಾಕ ತಗೀತಿ?" ಎಂದರು.

ನನಗೆ ಮಾತಾಡಲು ಪುರಸೊತ್ತಿರಲಿಲ್ಲ. ಸೊಂಟದಲ್ಲಿ ಸಣ್ಣ ಕೊಯ್ತ ಹಾಕಿ ಒಳಗಿನ ಇಲಾಸ್ಟಿಕ್ಕನ್ನು ಹೊರಗೆ ಎಳೆದೆ. ಅದು ಬಳೆಯ ಹಾಗೆ ದುಂಡಗಿರುತ್ತದೆ, ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ಗಟ್ಟಿಯಾಗಿ ಹೊಲಿದಿರುತ್ತಾರೆ. ಆ ಹೊಲಿಗೆಯನ್ನೇ ಬಿಚ್ಚಿದ್ದರೆ ನೆಟ್ಟಗೆ ಒಂದು ಪಟ್ಟಿ ಆಗುತ್ತಿತ್ತು. ಹೊಲಿಗೆ ಬಿಚ್ಚುವ ತಾಳ್ಮೆ ನನಗೆ ಯಾವ ಜನ್ಮದಲ್ಲೂ ಬರುವುದಿಲ್ಲ. ಕೈಗೆ ಸಿಕ್ಕಲ್ಲಿ ಕಚಕ್ಕನೆ ಕತ್ತರಿ ಹಾಕಿದೆ. ಪಟ್ಟಿಯ ಮೇಲೆ ಸಮ ಅಂತರದಲ್ಲಿ ಪೆನ್ನಿನಿಂದ ಗೆರೆ ಎಳೆದೆ. ಮರುದಿನ ಅದನ್ನು ಚೀಲದ ಮೇಲೆ ಅಡ್ಡ ಹಿಡಿದು, ಹೆಸರಿನ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗೆರೆ ಎಣಿಸಿ, ಚೀಲದ ಅಗಲಕ್ಕೆ ಹಿಗ್ಗಿಸಿ, ಎರಡೂ ಬದಿಗೆ ಮೊಳೆ ಸಿಕ್ಕಿಸಿದೆ. ಒಂದೊಂದು ಗೆರೆಯ ಕೆಳಗೆ ಒಂದೊಂದು ಅಕ್ಷರ. ಉದ್ದ ಹೆಸರಾದರೇನು, ಗಿಡ್ಡ ಹೆಸರಾದರೇನು, ಎಲ್ಲ ಅಕ್ಷರಗಳೂ ಕವಾಯತಿಗೆ ನಿಂತವು. ಅಷ್ಟು ಖುಷಿ ನನಗೆ ನನ್ನ ಲಗ್ನದ ದಿನವೂ ಆಗಿರಲಿಲ್ಲ.

ಅದೇ ಹೊತ್ತಿನಲ್ಲಿ ನನ್ನ ಗಂಡ ಇನ್ನೊಂದು ಕವಾಯತಿನಲ್ಲಿದ್ದರು. ಅವರು ಶಾಲೆಯಲ್ಲಿ ಆಟ ಕಲಿಸುವ ಮಾಸ್ತರು. ಬೇರೆ ಇಲಾಸ್ಟಿಕ್ ಹಾಕಿಸಬೇಕೆಂದು ಪ್ಯಾಂಟನ್ನು ಹಗ್ಗದ ಮೇಲೆ ಇಟ್ಟು ನಾನು ಮರೆತುಬಿಟ್ಟಿದ್ದೆ. ಅವರು ಬೆಳಗಿನ ಅವಸರದಲ್ಲಿ ಅದನ್ನೇ ಹಾಕಿಕೊಂಡು, ಸೊಂಟದ ದಾರ ಕಟ್ಟಿಕೊಂಡು ಹೋಗಿದ್ದರು. ಮೈದಾನದಲ್ಲಿ ಮಕ್ಕಳಿಗೆ ಎರಡೂ ಕೈ ಮೇಲೆ ಎತ್ತಲು ಹೇಳಿ ತಾವೂ ಎತ್ತಿದಾಗ ದಾರ ಕೈಕೊಟ್ಟಿತು. ಪುಣ್ಯಕ್ಕೆ ಒಂದು ಕೈ ಬೇಗ ಕೆಳಗೆ ಬಂತು. ಅಂದು ಸಂಜೆಯವರೆಗೆ ಒಂದು ಕೈ ಸೊಂಟದ ಮೇಲಿಟ್ಟುಕೊಂಡೇ ಆಟ ಕಲಿಸಿದರಂತೆ. ಮಾಸ್ತರರು ಮಾಡಿದ್ದೇ ವ್ಯಾಯಾಮವೆಂದು ಮಕ್ಕಳೂ ಒಂದು ಕೈ ಸೊಂಟದ ಮೇಲಿಟ್ಟುಕೊಂಡೇ ಓಡಿದವಂತೆ. ಏನಾಯಿತೆಂದು ಕೇಳಿದ ಹೆಡ್ ಮಾಸ್ತರರಿಗೆ ಇವರು "ಸೊಂಟ ಹಿಡದೈತ್ರಿ" ಎಂದರು. ಅವರು ಪಾಪ, ಮನೆಗೆ ಮುಲಾಮು ಕಳಿಸಿದರು. ಈ ಸಂಗತಿ ಹೊರಗೆ ಹೋಗಕೂಡದೆಂದು ನನ್ನ ಗಂಡ ನನ್ನಿಂದ ದೇವರ ಮುಂದೆ ಆಣೆ ಹಾಕಿಸಿಕೊಂಡರು.

ನನ್ನ ಪಟ್ಟಿಯಲ್ಲಿ ಒಂದು ಐಬು ಇತ್ತು. ಸಿಟ್ಟಿನಲ್ಲಿ ಬೇರೆ ಕಡೆ ಕತ್ತರಿಸಿದ್ದರಿಂದ ಆ ಗಟ್ಟಿ ಹೊಲಿಗೆ ಪಟ್ಟಿಯ ನಡುವೆಯೇ ಉಳಿದಿತ್ತು. ಎರಡು ಪದರದ ಆ ಜಾಗ ಎಷ್ಟು ಎಳೆದರೂ ಹಿಗ್ಗುತ್ತಿರಲಿಲ್ಲ. ಅದರ ಆಚೆ ಈಚೆ ಇದ್ದವು ಐದನೆಯ ಮತ್ತು ಆರನೆಯ ಗೆರೆ. ಹೀಗಾಗಿ ನಾನು ಹೊಡೆದ ಪ್ರತಿ ಚೀಲದ ಮೇಲೂ ಎಲ್ಲ ಅಕ್ಷರಗಳು ಸಮ ಅಂತರದಲ್ಲಿ ನಿಂತರೆ, ಐದು ಮತ್ತು ಆರನೆಯವು ಮಾತ್ರ ಹೊಸ ಗಂಡ ಹೆಂಡಿರ ಹಾಗೆ ಒತ್ತಿ ಕೂರುತ್ತಿದ್ದವು. ಸರಿಮಾಡೋಣವೆಂದುಕೊಂಡೆ. ಅಷ್ಟರಲ್ಲಿ ಆ ಕಲ್ಲೋಳಿಯವರ ಅರಿಷಿಣಕ್ಕೆ ಎಂದೂ ಬರದಂಥ ದರ ಬಂತು. ಅವರು ಬಂದು ಆ ಎರಡು ಅಕ್ಷರಗಳ ಮೇಲೆ ಬೆರಳಿಟ್ಟು, "ಈ ಜೋಡಿ ಕಾಲ್ಗುಣ ನೋಡ್ರಿ ಅಕ್ಕಾರ. ಹಿಂಗ ಇರಲಿ" ಎಂದರು.

ಅಷ್ಟೇ ಸಾಕಾಯಿತು. ಮೂಡಲಗಿ ಮಾರ್ಕೆಟ್ಟಿನಲ್ಲಿ ಒಬ್ಬರು ಸೀನಿದರೆ ನಾಲ್ವರು ಮೂಗು ಒರೆಸಿಕೊಳ್ಳುತ್ತಾರೆ. ಎಲ್ಲರಿಗೂ ಜೋಡಿ ಬೇಕು. ನಾಲ್ಕೇ ಅಕ್ಷರದ ಹೆಸರಿದ್ದವರು ಬಂದು ತಮಗೆ ಜೋಡಿ ಬೀಳಲಿಲ್ಲವೆಂದು ಜಗಳ ತೆಗೆದರು. ಹೆಸರು ಉದ್ದ ಮಾಡಿಸಿ ಎಂದೆ. ಕೊಣ್ಣೂರಿನ ಒಬ್ಬ ಪುಣ್ಯಾತ್ಮ ಹೆಸರಿನ ಮುಂದೆ 'ಆಂಡ್ ಸನ್ಸ್' ಹೊಡೆಸಿದ. ಅವನಿಗೆ ಆಗಿನ್ನೂ ಲಗ್ನವೇ ಆಗಿರಲಿಲ್ಲ. ಹೆಣ್ಣು ಕೊಡಲು ಬಂದವರು ಚೀಲ ನೋಡಿ ವಾಪಸ್ಸು ಹೋದರೆಂದು ಆಮೇಲೆ ನನ್ನ ಮೇಲೆ ಹರಿಹಾಯ್ದ.

ಈಗ ಮೈದುನನ ವಿಷಯ. ನನ್ನ ಗಂಡನ ಕಾಕಾನ ಮಗ. ಹುಕ್ಕೇರಿಯಲ್ಲಿ ಮಷಿನ್ನಿನ ಮೇಲೆ ತಗಡು ಕೊರೆಯುವ ಅಂಗಡಿ ಇಟ್ಟಿದ್ದಾನೆ, ನನ್ನ ಅಕ್ಷರದ ತಗಡುಗಳೂ ಅಲ್ಲಿಯವೇ. ಬಾಯಿ ಬೆಲ್ಲ. ಬರುವಾಗ ಗೋಕಾಕದಲ್ಲಿ ಇಳಿದು ಅತ್ತೆಗೆಂದು ಕರದಂಟು ತರುತ್ತಾನೆ, ತಂದದ್ದರಲ್ಲಿ ಅರ್ಧ ತಾನೇ ತಿನ್ನುತ್ತಾನೆ. ನನ್ನ ಪಟ್ಟಿಯ ಒಂದು ತುದಿ ಹಿಡಿದು, ನಾನು ಹೆಸರು ಹೊಡೆಯುವಾಗ ನೋಡುತ್ತ ಕೂರುತ್ತಿದ್ದ. "ವೈನಿ, ಇದಕ್ಕ ತಲಿ ಬೇಕ ನೋಡ್ರಿ" ಎಂದು ಹೊಗಳುತ್ತಿದ್ದ. ಹೊಗಳಿಕೆಗೆ ಉಬ್ಬಿ ನಾನು ಇನ್ನೊಂದು ರೊಟ್ಟಿ ಬಡಿಸುತ್ತಿದ್ದೆ. ಒಂದು ದಿನ ಮೊಬೈಲಿನಲ್ಲಿ ಪಟ್ಟಿಯ ಫೋಟೋ ತೆಗೆದುಕೊಂಡ. ಒಳ್ಳೇದು, ಅವನೂ ಒಂದು ಮಾಡಿಕೊಳ್ಳಲಿ ಎಂದುಕೊಂಡೆ.

ಅವನು ಮಾಡಿಕೊಂಡದ್ದು ಪೇಟೆಂಟು. ಒಂದು ದಿನ ಉಂಡು ಕೈ ತೊಳೆದು, ತಟ್ಟೆಯ ಬಾಜೂಕ್ಕೇ ಕಾಗದ ಇಟ್ಟು, "ವೈನಿ, ತಪ್ಪು ತಿಳ್ಕೋಬ್ಯಾಡ್ರಿ. ಅಕ್ಷರ ಸಮ ಕೂಡಿಸೂ ಪಟ್ಟಿ ಇನ್ ಮ್ಯಾಲೆ ನನ್ನ ಹೆಸರಿನ್ಯಾಗ ಆಗತೈತಿ. ನೀವು ಹೊಡೀರಿ, ನಾ ಬ್ಯಾಡ ಅನ್ನೂದಿಲ್ಲ. ಚೀಲದ ಕೆಳಗ ಸಣ್ಣದಾಗಿ ನನ್ನ ಅಂಗಡಿ ಹೆಸರು ಹಾಕ್ರಿ, ಅಷ್ಟ" ಎಂದ.

ನನ್ನ ಕೈಯಲ್ಲಿ ಸಾರಿನ ಸೌಟು ಇತ್ತು. ಅತ್ತೆ ಅದನ್ನು ಮೆಲ್ಲಗೆ ಕಸಿದುಕೊಂಡರು. ಅವನು ಹೋದ ಮೇಲೆ ಕಾಗದ ಓದಿದೆ. ಪೇಟೆಂಟಿಗೆ ಕೊಟ್ಟದ್ದರ ಕನ್ನಡ ನಕಲು. ಪಟ್ಟಿಯ ಚಿತ್ರ, ನನ್ನ ಗೆರೆಗಳು, ನಡುವೆ ನನ್ನ ಹೊಲಿಗೆ. ಆ ಹೊಲಿಗೆಗೆ ಬಾಣದ ಗುರುತು ಹಾಕಿ, 'ನಕಲಿ ಚೀಲ ಪತ್ತೆಹಚ್ಚಲು ಎರಡು ಅಕ್ಷರಗಳನ್ನು ಸಮೀಪಕ್ಕೆ ತರುವ ವಿಶೇಷ ತಂತ್ರ' ಎಂದು ಬರೆಸಿದ್ದ. ನನ್ನ ಸಿಟ್ಟು ಇವನ ತಂತ್ರವಾಗಿತ್ತು. ಮುಂದಿನ ಆಯಿತವಾರ ಅವನು ಮತ್ತೆ ಉಣ್ಣಲು ಬಂದ. ನಾನು ಬಾಗಿಲಲ್ಲಿ ಅಡ್ಡ ನಿಂತರೆ ಅತ್ತೆ, "ತಕರಾರು ಹೊರಗ, ಊಟ ಒಳಗ. ನೀ ಅತ್ತಾಗ ಸರಿ" ಎಂದು ನನಗೆ ಹೇಳಿ ಅವನಿಗೆ ಮಣೆ ಹಾಕಿದರು.

ನಾನು ಗೋಕಾಕದ ವಕೀಲರೊಬ್ಬರ ಹತ್ತಿರ ಹೋದೆ. ಹೊಲದ ಬದುವಿನ ಜಗಳ ನಡೆಸಿ ನಡೆಸಿ ಮುದುಕರಾದವರು. ನನ್ನ ಪಟ್ಟಿಯನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, ಯಾರಿಗೋ ಫೋನ್ ಮಾಡಿ ಕೇಳಿ ತಿಳಿದುಕೊಂಡು ಹೇಳಿದರು. "ತಂಗಿ, ಅಂವಗ ಇನ್ನೂ ಪೇಟೆಂಟ್ ಸಿಕ್ಕಿಲ್ಲ. ಅರ್ಜಿ ಹಾಕ್ಯಾನ, ಅದು ಪ್ರಕಟ ಆಗೇತಿ. ಸಿಗೂಕಿಂತ ಮೊದಲ ಯಾರ ಬೇಕಾದ್ರೂ ತಕರಾರು ಮಾಡಬಹುದು. ಎರಡು ದಾರಿ ಅದಾವ. ಒಂದು, ಇದರಾಗ ಹೊಸಾದು ಏನೂ ಇಲ್ಲ, ಎಲ್ಲಾರಿಗೂ ಗೊತ್ತಿರೂದ ಅಂತ ಹೇಳೂದು. ಇನ್ನೊಂದು, ಇದು ನಿಂದು, ನಿನ್ನ ಕಡಿಂದ ಅಂವ ತಗೊಂಡಾನ ಅಂತ ತೋರಸೂದು. ಮೊದಲನೇದು ಹಗುರ ಐತಿ."

"ಹಗುರ ಇದ್ರ ಇರಲಿ. ಇದು ನಂದು ಅಂತ ಬರೀಬೇಕ್ರಿ, ನಂದು" ಎಂದೆ. ಎಲ್ಲರಿಗೂ ಗೊತ್ತಿರುವುದಂತೆ. ಎಲ್ಲರಿಗೂ ಗೊತ್ತಿದ್ದರೆ ನನಗಿಂತ ಮೊದಲು ಯಾಕೆ ಯಾರೂ ಪ್ಯಾಂಟ್ ಹರಿಯಲಿಲ್ಲ? ಇಷ್ಟು ವರ್ಷ ಬೇರೆಯವರ ಹೆಸರನ್ನೇ ಹೊಡೆದಿದ್ದೇನೆ. ಇದೊಂದರ ಮೇಲಾದರೂ ನನ್ನ ಹೆಸರು ಬೇಕಿತ್ತು. ವಕೀಲರು ನನ್ನ ಮುಖ ನೋಡಿ ಸುಮ್ಮನೆ ಎರಡೂ ದಾರಿಯನ್ನು ಬರೆದರು. ಆಮೇಲೆ ಕೇಳಿದರು, "ಈ ಪಟ್ಟಿ ಬಗ್ಗೆ ಅಂವಗ ಗೊತ್ತಿಲ್ಲದ್ದು ನಿನಗೇನರ ಗೊತ್ತೈತೇನು?"

ಗೊತ್ತಿತ್ತು. ಆ ಹೊಲಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು, ಮೈದುನನಿಗೆ ಗೊತ್ತಿರಲಿಲ್ಲ. ಆದರೆ ಅದನ್ನು ಹೇಳಬೇಕೆಂದರೆ ಪ್ಯಾಂಟಿನ ಕಥೆ ಹೇಳಬೇಕು. ಮನೆಗೆ ಬಂದು ಗಂಡನನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಏನ ಬೇಕಾದ್ದು ಹೇಳು, ಪ್ಯಾಂಟಿನ ಸುದ್ದಿ ತಗೀಬ್ಯಾಡ. ಸಾಲ್ಯಾಗ ಮಂದಿ ನನ್ನ ಮಾಸ್ತರ ಅಂತಾರ. ಆಮ್ಯಾಲೆ ಏನಂತಾರೋ ನೀನ ಹೇಳು" ಎಂದರು. ಆಣೆ ಹಾಕಿದವಳು ನಾನೇ ಅಲ್ಲವೇ.

ವಿಚಾರಣೆ ಕಂಪ್ಯೂಟರಿನ ತೆರೆಯ ಮೇಲೆ, ವಕೀಲರ ಆಫೀಸಿನಲ್ಲಿ. ಹಿಂದಿನ ದಿನ ಮೈದುನ ಫೋನ್ ಮಾಡಿದ. "ವೈನಿ, ನಾಳೆ ಹುಕ್ಕೇರ್ಯಾಗ ಕರೆಂಟ್ ತಗೀತಾರಂತ. ನಾನೂ ಗೋಕಾಕಕ್ಕ ಬಂದು ನಿಮ್ಮ ಬಾಜೂಕ ಕುಂಡ್ರತೇನಿ." ಇಂಥ ನಾಚಿಕೆಗೇಡಿಯನ್ನು ನಾನು ಕಂಡಿಲ್ಲ. ಬಂದ, ಕರದಂಟಿನ ಪೊಟ್ಟಣವನ್ನು ವಕೀಲರ ಟೇಬಲ್ಲಿನ ಮೇಲೆ ಇಟ್ಟ, ನನ್ನ ಬಾಜೂಕ್ಕೇ ಕುಳಿತ. ಇನ್ನೊಂದು ಬದಿಗೆ ನನ್ನ ಗಂಡ. ಅಂದು ಅವರು ಟ್ರ್ಯಾಕ್ ಪ್ಯಾಂಟ್ ಹಾಕಿರಲಿಲ್ಲ, ಬೆಲ್ಟು ಬಿಗಿದು ಬಂದಿದ್ದರು.

ತೆರೆಯ ಮೇಲೆ ಪೇಟೆಂಟ್ ಆಫೀಸಿನ ಒಬ್ಬ ಮೇಡಂ. ಅವರು ಕೇಳಿದ್ದನ್ನು ವಕೀಲರು ನಮಗೆ ಕನ್ನಡದಲ್ಲಿ, ನಾವು ಹೇಳಿದ್ದನ್ನು ಅವರಿಗೆ ಇಂಗ್ಲಿಷಿನಲ್ಲಿ ದಾಟಿಸುತ್ತಿದ್ದರು. ಮೇಡಂ ಮೊದಲು ಕೇಳಿದ್ದೇ ಹೊಲಿಗೆಯನ್ನು. ಪಟ್ಟಿ ಅಲ್ಲಿ ಯಾಕೆ ಹಿಗ್ಗುವುದಿಲ್ಲ?

"ಅದು ನನ್ನ ವಿಶೇಷ ತಂತ್ರ ರಿ. ನಕಲಿ ಚೀಲ ಹಿಡಿಯಾಕ" ಎಂದ ಮೈದುನ.

ಐದನೆಯ ಅಕ್ಷರದ ಬಾಜೂಕ್ಕೇ ಯಾಕೆ, ನಾಲ್ಕನೆಯದರ ಬಾಜೂಕ್ಕೆ ಯಾಕಲ್ಲ ಎಂದರು ಮೇಡಂ.

"ಭಾಳ ಸಂಶೋಧನಾ ಮಾಡಿ ಅಲ್ಲಿ ಇಟ್ಟೇನ್ರಿ" ಎಂದ.

ಆಮೇಲೆ ಅದೇ ಪ್ರಶ್ನೆ ನನಗೆ. ಗಂಡನ ಕಡೆ ನೋಡಿದೆ. ಅವರು ತಮ್ಮ ಚಪ್ಪಲಿ ನೋಡುತ್ತಿದ್ದರು. ವಕೀಲರು, "ಹೇಳು ತಂಗಿ, ಕೇಳಾಕತ್ತಾರ" ಎಂದರು. ಪಟ್ಟಿ ನನ್ನ ತೊಡೆಯ ಮೇಲಿತ್ತು. ಹೇಳಿದರೆ ಇವರ ಮಾನ, ಹೇಳದಿದ್ದರೆ ನನ್ನ ಪಟ್ಟಿ. ಬಿಡು, ಪಟ್ಟಿ ಹೋಗಲಿ, ಗೊತ್ತಿಲ್ಲ ಅಂದುಬಿಡೋಣ ಎಂದು ತಲೆ ಎತ್ತುವಷ್ಟರಲ್ಲಿ ಬಾಜೂಕ್ಕೆ ಕುರ್ಚಿ ಸರಿದ ಸಪ್ಪಳವಾಯಿತು. ನನ್ನ ಗಂಡ ಎದ್ದು, ಕವಾಯತಿಗೆ ನಿಂತವರ ಹಾಗೆ ನೆಟ್ಟಗೆ ನಿಂತಿದ್ದರು.

"ಮೇಡಮ್ಮಾರ, ಅದು ನನ್ನ ಪ್ಯಾಂಟಿನ ಇಲಾಸ್ಟಿಕ್ ರಿ" ಎಂದರು.

ಎಲ್ಲ ಹೇಳಿದರು. ಹಗ್ಗ, ಕತ್ತರಿ, ಮೈದಾನ, ಮೇಲೆತ್ತಿದ ಕೈ, ಸೊಂಟದ ಮೇಲೆ ಕೈಯಿಟ್ಟು ಓಡಿದ ಮಕ್ಕಳು, ಹೆಡ್ ಮಾಸ್ತರರ ಮುಲಾಮು. ವಕೀಲರು ಮುಖ ಗಂಟುಹಾಕಿಕೊಂಡು ಅಷ್ಟನ್ನೂ ಇಂಗ್ಲಿಷಿಗೆ ದಾಟಿಸಿದರು. ಮೈದುನ ಮೊದಲು ನಕ್ಕ, ಆಮೇಲೆ ತಾನು ಯಾಕೆ ನಗಬಾರದೆಂದು ನೆನಪಾಗಿ ನಿಲ್ಲಿಸಿದ. ತೆರೆಯ ಮೇಲಿನ ಮೇಡಂ ಸ್ವಲ್ಪ ಹೊತ್ತು ಕ್ಯಾಮೆರಾ ಬಂದ್ ಮಾಡಿದರು. ಮತ್ತೆ ಬಂದಾಗ ಕಣ್ಣು ಒರೆಸಿಕೊಂಡ ಹಾಗಿತ್ತು. ನನ್ನನ್ನು ಒಂದೇ ಮಾತು ಕೇಳಿದರು. ಹೊಲಿಗೆ ಬಿಚ್ಚುವುದು ಬಿಟ್ಟು ಬೇರೆ ಕಡೆ ಯಾಕೆ ಕತ್ತರಿಸಿದಿರಿ?

"ಸಿಟ್ಟು ಬಂದಿತ್ರಿ" ಎಂದೆ.

ಎಳೆದು ತೋರಿಸಿ ಎಂದರು. ನಾನು ಒಂದು ತುದಿ ಹಿಡಿದೆ. ಇನ್ನೊಂದು ತುದಿಯನ್ನು ಮೈದುನ ಹಿಡಿದ. ನನ್ನ ಅಂಗಡಿಯಲ್ಲಿ ಹಿಡಿದು ಹಿಡಿದು ಅವನ ಕೈಗೆ ಅದೇ ರೂಢಿಯಾಗಿತ್ತು. ಅವನು ಎಳೆದ. ನಾನು ಬಿಡುವವಳೇ? ನಾನೂ ಎಳೆದೆ. ಮೇಡಂ ಸಾಕು ಎಂದದ್ದನ್ನು ವಕೀಲರು ಕನ್ನಡಕ್ಕೆ ದಾಟಿಸುವಷ್ಟರಲ್ಲಿ ಪಟ್ಟಿ ಫಟ್ಟೆಂದು ಹರಿಯಿತು, ಸರಿಯಾಗಿ ಹೊಲಿಗೆಯ ಹತ್ತಿರ. ಅವನ ತುದಿ ಅವನ ಕೈಗೂ ನನ್ನದು ನನ್ನ ಕೈಗೂ ಹೊಡೆಯಿತು.

ಕೆಲವು ತಿಂಗಳಿಗೆ ಆದೇಶ ಬಂತು. ವಕೀಲರು ಓದಿ ಹೇಳಿದರು. ಮೈದುನನ ಅರ್ಜಿ ತಿರಸ್ಕಾರವಾಗಿತ್ತು. ಪಟ್ಟಿ ಮೊದಲು ನನ್ನ ಅಂಗಡಿಯಲ್ಲೇ ಬಳಕೆಯಲ್ಲಿತ್ತು ಎಂದು ಬರೆದಿದ್ದರು. ಆದರೆ ಇಲಾಸ್ಟಿಕ್ಕಿನ ಮೇಲಿನ ಗೆರೆಗಳು ಎಳೆದರೆ ಸಮನಾಗಿ ಸರಿಯುತ್ತವೆ ಎಂಬುದು ಚಡ್ಡಿ ಹಾಕುವ ಯಾರಿಗಾದರೂ ತಿಳಿಯುವ ಸಂಗತಿ, ಅದು ಯಾರೊಬ್ಬರದೂ ಅಲ್ಲ ಎಂಬ ಅರ್ಥದ ಮಾತೂ ಇತ್ತು. "ಗೆದ್ದಿ ತಂಗಿ" ಎಂದರು ವಕೀಲರು. ನಾನು ಆದೇಶದ ಕಾಗದ ಹಿಡಿದು ಮೂಡಲಗಿಯ ಬಸ್ಸು ಹತ್ತಿದೆ. ಅವನದಲ್ಲ ಎಂದಾಯಿತು, ಸರಿ. ನನ್ನದು ಎಂದು ಎಲ್ಲಿ ಆಯಿತು?

ಪಟ್ಟಿ ಹರಿದ ಮೇಲೆ ಅಷ್ಟು ತಿಂಗಳು ಕಣ್ಣಳತೆಯಲ್ಲೇ ಹೊಡೆದಿದ್ದೆ. ಅವತ್ತು ಗೋಕಾಕದಿಂದಲೇ ಹೊಸ ಅಗಲ ಇಲಾಸ್ಟಿಕ್ ತಂದಿದ್ದೆ. ಒಂದೇ ತುಂಡು, ಹೊಲಿಗೆಯ ಸುದ್ದಿಯೇ ಇಲ್ಲ. ಗೆರೆ ಎಳೆದು ಕಲ್ಲೋಳಿಯವರ ಚೀಲ ಹೊಡೆದೆ. ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ಬಂದವು, ಒಂದು ಕೂದಲೆಳೆ ಆಚೆ ಈಚೆ ಇಲ್ಲ. ಈಗಲಾದರೂ ಇವರು ನನ್ನ ಕೆಲಸ ನೋಡಲಿ ಎಂದುಕೊಂಡೆ.

ಅವರು ಬಂದು ನೋಡಿದರು. ಚೀಲ ತಿರುವಿ ನೋಡಿದರು. ಮುಖ ಸಣ್ಣದು ಮಾಡಿಕೊಂಡರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇವು ಡೂಪ್ಲಿಕೇಟ್ ಅದಾವ. ಜೋಡಿ ಎಲ್ಲೈತ್ರಿ?"

"ಇದು ನಂದ ಕೆಲಸ ರಿ" ಎಂದೆ.

"ಅಲ್ಲ, ಹುಕ್ಕೇರ್ಯಾಗ ಖರೇ ಜೋಡಿ ಹಾಕತಾರ. ಮಷಿನ್ ಮ್ಯಾಲೆ ಪ್ಲಾಸ್ಟಿಕ್ ಅಚ್ಚು ಮಾಡ್ಯಾರಂತ. ನೀವೂ ಒಮ್ಮಿ ಹೋಗಿ ಅವರ ಕಡೆ ಕಲಕೊಂಡ ಬರ್ರಿ" ಎಂದು, ಚೀಲದ ಕಟ್ಟನ್ನು ಹಾಗೇ ಬಿಟ್ಟು ಹೊರಟರು.

ಮನೆಗೆ ಬಂದು ಆ ಚೀಲವನ್ನು ಪಡಸಾಲೆಯಲ್ಲಿ ಎಸೆದೆ. ನನ್ನ ಗಂಡ ಆಗತಾನೇ ಶಾಲೆಯಿಂದ ಬಂದಿದ್ದರು. ಪ್ಯಾಂಟಿನ ಕಥೆ ಹುಕ್ಕೇರಿಯಿಂದ ಮೂಡಲಗಿಗೆ ವಿಚಾರಣೆಯ ದಿನವೇ ಬಂದು ಮುಟ್ಟಿತ್ತು. ಮಕ್ಕಳು ಈಗಲೂ ಅವರನ್ನು ಕಂಡರೆ ಒಂದು ಕೈ ಸೊಂಟದ ಮೇಲಿಟ್ಟು ನಮಸ್ಕಾರ ಹೇಳುತ್ತವೆ. ಅವರು ಒಮ್ಮೆಯೂ ನನಗೆ ಅದನ್ನು ಆಡಿ ತೋರಿಸಿಲ್ಲ. ಚೀಲವನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಲುಂಗಿ ಸುತ್ತಿಕೊಂಡು, ಕೈಯಲ್ಲಿ ಟ್ರ್ಯಾಕ್ ಪ್ಯಾಂಟ್ ಹಿಡಿದು ಹೊರಗೆ ಬಂದರು.

"ತಗೋ" ಎಂದರು.

ನಾನು ಇಲಾಸ್ಟಿಕ್ ಎಳೆದು ತೆಗೆದೆ. ಹೊಲಿಗೆ ಸಿಕ್ಕಿತು. ಕತ್ತರಿ ಹಿಡಿದು ಕುಳಿತೆ. ಎಲ್ಲಿ ಕತ್ತರಿಸಬೇಕೆಂದು ತಿಳಿಯಲಿಲ್ಲ. ಆ ಕಡೆ ಇಟ್ಟು ನೋಡಿದೆ, ಈ ಕಡೆ ಇಟ್ಟು ನೋಡಿದೆ. ಕಣ್ಣಲ್ಲಿ ನೀರು ಬಂದು ಪಟ್ಟಿಯೇ ಕಾಣದಾಯಿತು. ಸಿಟ್ಟು ಮಾತ್ರ ಬರಲಿಲ್ಲ.

ಅವರು ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಪೇಪರ್ ಎತ್ತಿಕೊಂಡು, ಕುರ್ಚಿಯಲ್ಲಿ ಕುಳಿತು, ಪೇಪರಿನ ಹಿಂದಿನಿಂದ ಮೆಲ್ಲಗೆ ಹೇಳಿದರು.

"ಏನ ಅನ್ನು, ನಮ್ಮ ತಮ್ಮ ಜೋಡಿ ಭಾಳ ಛಲೋ ಹಾಕತಾನ."

ಕಚಕ್ಕನೆ ಕತ್ತರಿಸಿದೆ.